ಬೊಲೊನ್ಯಾದ ರಾಗು: ಸಣ್ಣ ಉರಿಯ ಅಡುಗೆ

ವ್ಯಾಪಾರಿಗಳ ಕಾಗದಪತ್ರ ಇಟ್ಟುಕೊಳ್ಳುವ ಕಚೇರಿಯಲ್ಲಿ ಸಾರು-ಪಲ್ಯದ ವಿಧಾನಕ್ಕೇನು ಕೆಲಸ? ಇಟಲಿಯ ಬೊಲೊನ್ಯಾದವರಿಗೆ ಹಾಗನ್ನಿಸಲಿಲ್ಲ. ಪಾಸ್ತಾಗೆ ಕಲಸುವ ತಮ್ಮೂರ ಮಾಂಸದ ಗೊಜ್ಜು ‘ರಾಗು’ವಿನ ವಿಧಾನವನ್ನು 1982ರ ಅಕ್ಟೋಬರ್ 17ರಂದು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿಬಿಟ್ಟರು. ದಾಖಲಿಸಿದ್ದು ಇಟಾಲಿಯನ್ ಪಾಕ ಅಕಾಡೆಮಿ.

ಆ ದಾಖಲೆಯಲ್ಲಿ 300 ಗ್ರಾಂ ದನದ ಮಾಂಸಕ್ಕೆ ಟೊಮೆಟೊ ಸಾಸ್ ಬರೀ ಐದು ಚಮಚ! ಹೊರಗಿನವರು ಎಡವುವುದು ಇಲ್ಲೇ. ರಾಗು ಎಂದರೆ ಕೆಂಪಗೆ ತೇಲುವ ಟೊಮೆಟೊ ರಸವಲ್ಲ. ಅದು ಮಾಂಸದ ಅಡುಗೆ, ಟೊಮೆಟೊ ಅಲ್ಲಿ ತಡವಾಗಿ ಬಂದ ನೆಂಟ. ಪೆಲ್ಲೆಗ್ರಿನೊ ಅರ್ತೂಸಿ 1891ರಲ್ಲಿ ಪ್ರಕಟಿಸಿದ ಹೆಸರಾಂತ ಅಡುಗೆ ಪುಸ್ತಕದ ಬೊಲೊನ್ಯಾ ಶೈಲಿಯ ಗೊಜ್ಜಿನಲ್ಲಿ ಟೊಮೆಟೊ ಇರಲೇ ಇಲ್ಲ.

ಹಳೆಯ ವಿಧಾನ ಕೇಳುವುದು ದನದ ವಪೆಯ ಮಾಂಸವನ್ನು. ಉಸಿರಾಟಕ್ಕೆ ಸದಾ ದುಡಿಯುವ ಸ್ನಾಯು ಅದು. ರುಚಿ ಹೆಚ್ಚು, ಗಡಸೂ ಹೆಚ್ಚು. ಅದರೊಳಗಿನ ನಾರು ಕರಗಿ ಗೊಜ್ಜಿಗೆ ಅಂಟು ಬರಬೇಕಾದರೆ ಗಂಟೆಗಟ್ಟಲೆ ಬೇಯಲೇಬೇಕು. ಮೊದಲು ಪಾಂಚೆತ್ತಾ, ಅಂದರೆ ಉಪ್ಪು ಹಾಕಿ ಹದಮಾಡಿದ ಹಂದಿಯ ಹೊಟ್ಟೆಯ ಮಾಂಸ, ತನ್ನ ಕೊಬ್ಬು ಬಿಡುತ್ತದೆ. ಅದರಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ಬಾಡಬೇಕು. ಆಮೇಲೆ ಕೀಮಾ, ಅದು ಚಟಪಟ ಅಂದ ಮೇಲೆ ವೈನ್, ಕೊನೆಗೆ ಟೊಮೆಟೊ. ಮುಂದಿನದೆಲ್ಲ ಸಣ್ಣ ಉರಿಯ ಪಾಲು. ಬೇಯುತ್ತಿರುವಾಗ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾರೆ; ಟೊಮೆಟೊದ ಹುಳಿ ತಗ್ಗಲಿ ಎಂದು. ಮಾಂಸಕ್ಕೆ ಹಾಲೇ ಎಂದು ಮೂಗು ಮುರಿಯಬೇಡಿ, ಬೆಂದ ಮೇಲೆ ಹಾಲು ಕಾಣಿಸುವುದೇ ಇಲ್ಲ.

2023ರಲ್ಲಿ ಅಕಾಡೆಮಿ ವಿಧಾನವನ್ನು ಪರಿಷ್ಕರಿಸಿತು. ಟೊಮೆಟೊ ಹೆಚ್ಚಿತು, ಹಾಲು ಇಷ್ಟವಿದ್ದವರಿಗೆ ಎಂದಾಯಿತು. ಬೆಳ್ಳುಳ್ಳಿಗೆ ಮಾತ್ರ ಈಗಲೂ ಪ್ರವೇಶವಿಲ್ಲ. ನಮ್ಮ ನಾಲಿಗೆಗೆ ಇದು ಸಪ್ಪೆ ಹಟ ಅನ್ನಿಸಬಹುದು. ನನಗಂತೂ ಆ ಹಟವೇ ಸರಿ ಎನಿಸುತ್ತದೆ. ಮಸಾಲೆ ಬಿದ್ದರೆ ಇಷ್ಟು ಹೊತ್ತು ಬೇಯಿಸಿದ ಮಾಂಸದ ರುಚಿ ಅಡಿಗೆ ಬೀಳುತ್ತದೆ.

ರಾಗುವಿನ ಜೋಡಿ ತಾಲ್ಯತೆಲ್ಲೆ, ಮೊಟ್ಟೆ ಹಾಕಿ ನಾದಿದ ಹಿಟ್ಟಿನ ಅಗಲ ಪಟ್ಟಿ. ಬೆಂದಾಗ ಅದರ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲೇ ಅದೇ ಮಂಡಳಿಯಲ್ಲಿ ದಾಖಲಾಗಿದೆ. ಚಿನ್ನದ ಮಾದರಿಯೂ ಉಂಟು. ನುಣುಪಾದ ಸ್ಪಗೆಟಿಯಿಂದ ಕೀಮಾ ಜಾರಿ ತಟ್ಟೆಯ ತಳ ಸೇರುತ್ತದೆ, ಒರಟು ಮೈಯ ಪಟ್ಟಿ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಬೊಲೊನ್ಯಾಗೆ ಹೋದವರು ‘ಸ್ಪಗೆಟಿ ಬೊಲೊನೀಸ್’ ಕೇಳಬೇಡಿ, ‘ತಾಲ್ಯತೆಲ್ಲೆ ಅಲ್ ರಾಗು’ ಎನ್ನಿ. ದನದ ಮಾಂಸವೋ ಹಂದಿಯ ಮಾಂಸವೋ ಒಲ್ಲದವರು ಮೊದಲೇ ವಿಚಾರಿಸಿಕೊಳ್ಳಿ; ಸಾಂಪ್ರದಾಯಿಕ ರಾಗುವಿನಲ್ಲಿ ಎರಡೂ ಇರುತ್ತವೆ.