ಕಡಲ ದಂಡೆ, ಕಂತಿನ ನಡಿಗೆ

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಅಷ್ಟನ್ನೂ ನಡೆಯೋಕೆ ತಿಂಗಳು ರಜೆ ಬೇಕಾ? ಬೇಡ, ಕಂತಿನಲ್ಲಿ ನಡೀರಿ.

ಮೊದಲ ಕಂತು ಗೋಕರ್ಣದಿಂದ ಕುಮಟಾ. ರೂಮ್ ಕುಮಟಾದಲ್ಲೇ ಮಾಡಿ. ಬೆಳಿಗ್ಗೆ ಬಸ್ ಹತ್ತಿ ಗೋಕರ್ಣದಲ್ಲಿ ಇಳಿದು, ರೂಮಿನ ಕಡೆಗೇ ನಡ್ಕೊಂಡು ಬನ್ನಿ. ಕೊನೇ ಬಸ್ ತಪ್ಪೀತು ಅನ್ನೋ ಚಿಂತೆನೇ ಇಲ್ಲ!

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳು... ನಡುನಡುವೆ ಗುಡ್ಡ ಹತ್ತಿ ಇಳೀಬೇಕು. ಬಂಡೆ ಅಂಚಲ್ಲಿ ಸೆಲ್ಫಿ ಶೂರತನ ಬೇಡ, ಪ್ಲೀಸ್.

ತದಡಿಯಲ್ಲಿ ಅಘನಾಶಿನಿ ನದಿ ಅಡ್ಡ ಬರುತ್ತೆ. ದೋಣಿ ಹತ್ತಿ, ಆಚೆ ದಡ. ಈ ನದಿಯ ಗಜನಿ ಗದ್ದೆಗಳಲ್ಲೇ, ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆಗಳಲ್ಲೇ, ಆ ಉಪ್ಪಿಗೂ ಜಗ್ಗದ ಕಗ್ಗ ಭತ್ತ ಬೆಳೆಯೋದು. ಸುಸ್ತಾದ್ರೆ ಅಘನಾಶಿನಿ ಊರಿಂದ ಕುಮಟಾಕ್ಕೆ ಬಸ್ ಹಿಡೀರಿ, ನಾಚಿಕೆ ಏನಿಲ್ಲ. ನಡೀತೀರಾದ್ರೆ ಸಮುದ್ರದ ಇಳಿತ ನೋಡ್ಕೊಳ್ಳಿ: ಆಗ ಒದ್ದೆ ಮರಳು ಗಟ್ಟಿ, ಕಾಲು ಹೂತುಹೋಗಲ್ಲ.

ಮುಂದಿನ ಸಲ ಕುಮಟಾದಿಂದಲೇ ಶುರು: ಧಾರೇಶ್ವರ, ಹೊನ್ನಾವರ. ಹೋಗಿಬರೋಕೆ ಕೊಂಕಣ ರೈಲು ಇದೆ. ಕುಂದಾಪುರ ದಾಟಿದ್ರೆ ಖಾಸಗಿ ಬಸ್ಸುಗಳದೇ ರಾಜ್ಯ.

ಮಳೆಗಾಲದಲ್ಲಿ ಮಾತ್ರ ಹೋಗ್ಬೇಡಿ. ಮತ್ತೆ, ತದಡಿ ದೋಣಿಗೆ ಚಿಲ್ಲರೆ ಇಟ್ಕೊಳ್ಳಿ.