ಲಾಬಿ, ಮನವಿ, ವಶೀಲಿ: ಕಾನೂನು ಏನೆನ್ನುತ್ತದೆ?



ನಮ್ಮ ಸಂವಾದಗಳಲ್ಲಿ ಪದೇ ಪದೇ ಕೇಳಿಬರುವ ಮಾತು 'ಲಾಬಿ'. ಮೂಲದಲ್ಲಿ ಅದು ಶಾಸನಸಭೆಯ ಮೊಗಸಾಲೆ; ಅಲ್ಲಿ ಸದಸ್ಯರನ್ನು ಕಂಡು ಒತ್ತಾಯಿಸುವವರಿಗೂ ಅದೇ ಹೆಸರು ಅಂಟಿತು. ಕಾನೂನಿನ ಪ್ರಕಾರ ಲಾಬಿಗಾರ ಯಾರು? ಕರ್ನಾಟಕದಲ್ಲಾಗಲಿ ಕೇಂದ್ರದಲ್ಲಾಗಲಿ ಹೀಗೆಂದು ಹೇಳುವ ಕಾಯಿದೆಯೇ ಇಲ್ಲ. ವಿಜ್ಞಾನ ಓದಿದವರಿಗೆ ವ್ಯಾಖ್ಯೆಯಿಲ್ಲದ ಪದ ಎಂದರೆ ತುಸು ಕಸಿವಿಸಿ!

ಭದ್ರಾವತಿಯನ್ನೇ ನೋಡಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಇಂಥ ಹೊತ್ತಿನಲ್ಲಿ ಕಾರ್ಮಿಕರ ನಿಯೋಗ ಸಚಿವರ ಬಳಿ ಹೋದರೆ ಲಾಬಿಯೆಂದು ಯಾವ ನೋಂದಣಿಯನ್ನೂ ಮಾಡಿಸಬೇಕಿಲ್ಲ. ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ವಿಧಾನಸೌಧಕ್ಕೆ ಕೊಡುವ ಮನವಿ ಕನ್ನಡದಲ್ಲೇ ಇರಬಹುದು.

ಇನ್ನು ಶಿವಮೊಗ್ಗದ ಯಾವುದೇ ಕಚೇರಿಯ ಮುಂದೆ ಕೂಲಿ ಪಡೆದು ಅರ್ಜಿ ಬರೆದುಕೊಡುವವರು. ಅವರದು ದುಡಿಮೆ, ಅಪರಾಧವಲ್ಲ. 'ಸಾಹೇಬರು ನನಗೆ ಗೊತ್ತು, ಇಷ್ಟು ಕೊಡಿ, ನಿಯಮ ಮೀರಿ ಮಾಡಿಸುತ್ತೇನೆ' ಎಂದರೆ ಕಥೆ ಬೇರೆ. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಸೇರಿದ 7ಎ ಕಲಮು ಇಂಥವರಿಗಾಗಿಯೇ ಇದೆ. ಭ್ರಷ್ಟ ಮಾರ್ಗದಿಂದಲೋ ಬರಿಯ ವೈಯಕ್ತಿಕ ಪ್ರಭಾವದಿಂದಲೋ ಸರ್ಕಾರಿ ನೌಕರನಿಂದ ಕರ್ತವ್ಯಲೋಪ ಮಾಡಿಸಲು ಹಣ ಪಡೆದರೆ, ಪಡೆಯಲು ಯತ್ನಿಸಿದರೂ ಸಹ, 3ರಿಂದ 7 ವರ್ಷ ಸೆರೆವಾಸ ಮತ್ತು ದಂಡ. ಪಡೆದವನು ನೌಕರನೇ ಆಗಿರಬೇಕಿಲ್ಲ. ನೌಕರನಿಗೆ ಲಂಚ ಕೊಟ್ಟವರೂ 8ನೇ ಕಲಮಿನಡಿ ತಪ್ಪಿತಸ್ಥರೇ. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆಯುಂಟು. ನಮ್ಮಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರಿದ್ದಾರೆ.

ಸಂಬಳ ಪಡೆದು, ಕಂಪನಿಯೊಂದರ ಪರವಾಗಿ ಸಚಿವರ ಮುಂದೆ ಅಂಕಿಅಂಶ ಮಂಡಿಸುವವರು ಮಾತ್ರ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಮೆರಿಕದ 1995ರ ಕಾಯಿದೆಯಲ್ಲಿ ಅವರೇ ಲಾಬಿಗಾರರು: ಹಣ ಪಡೆದಿರಬೇಕು, ಒಂದಕ್ಕಿಂತ ಹೆಚ್ಚು ಬಾರಿ ಸಂಪರ್ಕಿಸಿರಬೇಕು, ಆ ಗಿರಾಕಿಗಾಗಿ ದುಡಿದ ವೇಳೆಯಲ್ಲಿ ಶೇಕಡ 20 ಭಾಗವಾದರೂ ಇದಕ್ಕೆ ಸಂದಿರಬೇಕು. ಆಗ ಹೆಸರು ಬಹಿರಂಗ ಪಟ್ಟಿಗೆ ಸೇರುತ್ತದೆ. ನಮ್ಮಲ್ಲಿ ಅಂಥ ಪಟ್ಟಿಯಿಲ್ಲ. ಕಾರ್ಖಾನೆಯ ಕಡತದ ಹಿಂದೆ ಯಾರು ಓಡಾಡಿದರೆಂದು ಭದ್ರಾವತಿಯವರು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ, 10 ರೂಪಾಯಿ ಶುಲ್ಕ ಕಟ್ಟಿ, ಪತ್ರವ್ಯವಹಾರದ ನಕಲು ಕೇಳಬೇಕು.