ಮನೆಯೊಳಗಿನ ಗಿಡ ಮತ್ತು ಅದರ ಬೇರು

ಮನೆಯೊಳಗೆ ಬೆಳೆಸುವ ಗಿಡಗಳಲ್ಲಿ ಹಲವು ಉಷ್ಣವಲಯದ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಡಿ ಬೆಳೆಯುವ ಜಾತಿಗಳಾದ್ದರಿಂದ, ನೇರ ಬಿಸಿಲು ಬೀಳದ ಕಿಟಕಿಯ ಬದಿಯಲ್ಲೂ ಅವು ಸೊಂಪಾಗಿರುತ್ತವೆ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ ಮೂಲದ ಮನಿ ಪ್ಲಾಂಟಿನ ಗೆಣ್ಣುಗಳಲ್ಲಿ, ಎಲೆತೊಟ್ಟಿನ ಬಳಿ, ಕಂದು ಮೊಳೆಯಂತೆ ಕಾಣುವ ವಾಯುಬೇರು, ಅಂದರೆ ಗಾಳಿಯಲ್ಲೇ ಮೂಡುವ ಬೇರು ಇರುತ್ತದೆ. ಗೆಣ್ಣು ಸಹಿತ ಕತ್ತರಿಸಿದ ತುಂಡು ಬರಿಯ ನೀರಿನಲ್ಲೂ ಚಿಗುರುತ್ತದೆ, ಗೆಣ್ಣಿಲ್ಲದ ಎಲೆ ಬಳ್ಳಿಯಾಗದು.

ಕುಂಡದ ಗಿಡಗಳಿಗೆ ಅತಿಯಾದ ನೀರೇ ದೊಡ್ಡ ಶತ್ರುವೆಂಬುದನ್ನು ಒತ್ತಿ ಹೇಳಲೇಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ಆಕ್ರಮಿಸಿದಾಗ ಆಮ್ಲಜನಕ ಸಿಗದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರಲಾರದೆ ಎಲೆ ಬಾಡುತ್ತದೆ, ಅದನ್ನು ಬಾಯಾರಿಕೆಯೆಂದು ತಿಳಿದು ಮತ್ತಷ್ಟು ನೀರೆರೆಯಲಾಗುತ್ತದೆ. ಮೇಲಿನ 1 ಅಂಗುಲ ಮಣ್ಣು ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಯೇ ನೀರುಣಿಸುವುದು, ತಳದಲ್ಲಿ ತೂತಿರುವ ಕುಂಡವನ್ನೇ ಆರಿಸುವುದು ಅಗತ್ಯ.